ಹಂಪಾಪುರ ಕವಲಿನ ಹಳದಿ ಫಲಕ

ಕಂಬ ಇತ್ತು. ಫಲಕ ಇರಲಿಲ್ಲ.

ಶನಿವಾರ ಬೆಳಿಗ್ಗೆ ಯತೀಶ್ ನಮ್ಮ ವಾಟ್ಸಾಪ್ ಬಳಗಕ್ಕೆ ಹಾಕಿದ ಫೋಟೋದಲ್ಲಿ ಇದ್ದದ್ದು ಇಷ್ಟೇ—ಹಂಪಾಪುರದ ಆಚೆ, ಮಾನಂದವಾಡಿ ರಸ್ತೆಯಿಂದ ಹಳ್ಳಿದಾರಿ ಒಡೆಯುವ ಕವಲಿನಲ್ಲಿ ಒಂದು ಬೋಳು ಕಬ್ಬಿಣದ ಕಂಬ. ಕಂಬದ ಬುಡದಲ್ಲಿ ಅವನದೊಂದು ನೀಲಿ ಹವಾಯಿ ಚಪ್ಪಲಿ. ಕೆಳಗೆ ಒಂದು ಸಾಲು: ‘ಬೋರ್ಡ್ ಕಾಣ್ತಿಲ್ಲ. ಊರೆಲ್ಲ ನನ್ನೇ ಕಳ್ಳ ಅಂತಾವ್ರೆ.’

ನಮ್ಮ ಅತ್ತಿಗೆ ಉಷಾರಾಣಿ ಅದನ್ನು ಓದಿದ್ದು ಹುಣಸೂರಿನ ನಮ್ಮ ಅಡುಗೆಮನೆಯಲ್ಲಿ, ದೋಸೆ ಹೆಂಚಿನ ಮುಂದೆ. ಓದಿದವರೇ ಒಲೆ ಆರಿಸಿದರು.

“ಕಾರು ತೆಗಿ ವಿರೂಪಾಕ್ಷ.”

“ಇನ್ನೊಂದು ದೋಸೆ?”

“ಆ ಹುಡುಗನ ಮಾನ ಹೋಗ್ತಿದೆ. ನಿನಗೆ ದೋಸೆ ಚಿಂತೆ.”

ಕಾರು ತೆಗೆದೆ. ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ನಾನು ಈ ಮನೆಯಲ್ಲಿ ಚಾಲಕನೂ ಹೌದು, ಬೈಸಿಕೊಳ್ಳುವವನೂ ಹೌದು.

ಜನ ಹಕ್ಕಿಗಳ ಫೋಟೋ ತೆಗೆಯುತ್ತಾರೆ, ಹೂವಿನ ಫೋಟೋ ತೆಗೆಯುತ್ತಾರೆ. ನಮ್ಮ ಅತ್ತಿಗೆ ರಸ್ತೆ ಫಲಕಗಳ ಫೋಟೋ ತೆಗೆಯುತ್ತಾರೆ. ವಿಮೆ ಏಜೆಂಟ್ ಆಗಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಅಂತ ನಾಲ್ಕು ತಾಲೂಕು ಸುತ್ತುವಾಗ ಹತ್ತಿದ ಗೀಳು ಇದು. ತಿರುವಿನ ಫಲಕ, ಉಬ್ಬಿನ ಫಲಕ, ಆನೆ ದಾಟುವ ಜಾಗದ ಫಲಕ, ಊರು ತೋರಿಸುವ ಫಲಕ—ಯಾವುದನ್ನೂ ಬಿಡುವುದಿಲ್ಲ. ಇಂಥದೇ ಗೀಳಿನವರನ್ನು ಸೇರಿಸಿ ಬಳಗ ಮಾಡಿದರು. ದಿನಾ ಬೆಳಿಗ್ಗೆ ಆವತ್ತೇ ತೆಗೆದ ಒಂದು ಫಲಕದ ಫೋಟೋ ಹಾಕಬೇಕು.

ಒಮ್ಮೆ ಯಾರೋ ಇಂಟರ್ನೆಟ್ಟಿನಿಂದ ಎತ್ತಿದ ಫೋಟೋ ಹಾಕಿ ಸಿಕ್ಕಿಬಿದ್ದ ಮೇಲೆ ಅತ್ತಿಗೆ ಒಂದು ಕಾನೂನು ತಂದರು. ಕಂಬದ ಬುಡದಲ್ಲಿ ನಿಮ್ಮ ಒಂದು ಚಪ್ಪಲಿ ಬಿಟ್ಟು ಫೋಟೋ ತೆಗೆಯಬೇಕು, ನೀವು ಅಲ್ಲಿಗೆ ಹೋಗಿದ್ದಕ್ಕೆ ಅದೇ ಸಾಕ್ಷಿ. ಹೀಗಾಗಿ ಬಳಗದಲ್ಲಿ ಮುಖ ಗೊತ್ತಿಲ್ಲದವರ ಚಪ್ಪಲಿಯೂ ನನಗೆ ಗೊತ್ತು. ಫಲಕ ಕಳೆದುಹೋದ ಗಾಬರಿಯಲ್ಲೂ ಯತೀಶ್ ಕಾನೂನು ಮುರಿದಿರಲಿಲ್ಲ ನೋಡಿ.

ಕಳುವಾದ ಫಲಕ ಸಾಮಾನ್ಯದ್ದಲ್ಲ. ಹಳದಿ ತಗಡಿನ ಮೇಲೆ ಕೈಯಲ್ಲಿ ಬರೆದ ಕಪ್ಪು ಅಕ್ಷರ. ದೂರ ಇರುವುದು ಮೈಲಿಯಲ್ಲಿ. ಬಾಣದ ಗುರುತಿನ ಬದಲು, ತೋಳಿನ ಪಟ್ಟಿಗೆ ಗುಂಡಿ ಹಾಕಿದ ಒಂದು ಕೈ ಬೆರಳು ಚಾಚಿ ಕೋಟೆಯ ದಾರಿ ತೋರಿಸುತ್ತದೆ. ಬಳ್ಳಿಗಳ ಒಳಗೆ ಮುಚ್ಚಿಹೋಗಿದ್ದ ಅದನ್ನು ಕಂಡುಹಿಡಿದವನು, ಉಜ್ಜಿ ತೊಳೆದವನು ಯತೀಶನೇ. ಕವಲಿನಲ್ಲೇ ಅವನ ವೆಲ್ಡಿಂಗ್ ಶಾಪು.

ಭಾನುವಾರ, ಅಂದರೆ ಮಾರನೇ ದಿನವೇ, ಮೈಸೂರಿನಿಂದ ಒಬ್ಬ ನಿವೃತ್ತ ಇಂಜಿನಿಯರ್ ಬಂದು ‘ನಾಲ್ಕು ತಾಲೂಕಿನ ಹಿರಿಯ ಫಲಕ’ ಯಾವುದೆಂದು ಖುದ್ದಾಗಿ ನೋಡಿ ಹೇಳುವವರಿದ್ದರು. ಕೊನೆಗೆ ಉಳಿದಿದ್ದು ಮೂರು—ಯತೀಶನ ಈ ಹಳದಿ ಫಲಕ, ಹಾರನಹಳ್ಳಿಯ ಹೇಮಶ್ರೀ ಹುಡುಕಿದ ದಾರಿಗಲ್ಲು, ಕೆ.ಆರ್. ನಗರದ ರೇಣುಕಾಪ್ರಸಾದ್ ಹುಡುಕಿದ ನಾಲೆ ಸೇತುವೆಯ ಫಲಕ. ಬಹುಮಾನ ಏನೂ ಇಲ್ಲ, ಬಳಗದ ಕ್ಯಾಲೆಂಡರಿನ ಮೊದಲ ಪುಟ ಅಷ್ಟೆ. ಅದಕ್ಕೇ ಮೂವರೂ ತಿಂಗಳಿಂದ ಕಚ್ಚಾಡುತ್ತಿದ್ದರು.

ಕವಲಿನಲ್ಲಿ ಕಾರು ನಿಲ್ಲಿಸಿದಾಗ ಮೊದಲು ಕಂಡಿದ್ದು ಪುಟ್ಟಮಾದಮ್ಮನ ಟೀ ಅಂಗಡಿ. ಪುಟ್ಟಮಾದಮ್ಮ ಯತೀಶನ ತಾಯಿ. ದಿನಾ ಜಾಗ ಸಿಗದ ಬೆಂಚು ಆವತ್ತು ಖಾಲಿ. ಜನ ಇದ್ದರು—ರಸ್ತೆಯ ಆ ಬದಿ, ಹೊಂಗೆಮರದ ಕೆಳಗೆ, ಈ ಕಡೆಯೇ ನೋಡುತ್ತಾ.

“ಬೆಳಗಿಂದ ಒಂದು ನರಪಿಳ್ಳೆನೂ ಬಂದಿಲ್ಲ ಕಣವ್ವ,” ಅಂದರು ಪುಟ್ಟಮಾದಮ್ಮ. “ಕಳ್ಳನ ತಾಯಿ ಕಾಸಿದ ಟೀ ಯಾರ್ಗೆ ಬೇಕು? ಒಲೆ ಆರ್‌ಸ್ಬುಟ್ಟೆ.”

“ಫಲಕ ಕೊನೇಲಿ ನೋಡಿದ್ದು ಯಾವಾಗಮ್ಮ?”

“ಒತ್ತು ಮೂಡೋ ಒತ್ನಲ್ಲಿ ಒಲೆ ಅಚ್ಚಿದಾಗ ಇತ್ತು. ಆಲು ತರಕ್ಕೆ ಡೈರಿತಾವ ವೋದೆ. ಬಂದು ನೋಡ್ತೀನಿ, ಇರ್ನಿಲ್ಲ.”

“ಯತೀಶ್ ಎಲ್ಲಿದ್ದ?”

“ಮಲಗಿದ್ದ. ನಾನೇ ಎಬ್ರಿಸ್ದೆ. ಆದ್ರೆ ತಾಯಿ ಮಾತು ಯಾರು ನಂಬ್ತಾರೆ?”

ನಂಬದವರಲ್ಲಿ ಮೊದಲಿಗರು ಪಂಚಾಯ್ತಿ ಮೆಂಬರು ಚನ್ನಬಸವಣ್ಣ. ಹೆಗಲ ಟವೆಲ್ ಸರಿಮಾಡಿಕೊಳ್ಳುತ್ತಾ ರಸ್ತೆ ದಾಟಿ ಬಂದರು.

“ಸಂಜೆ ಗಂಟ ಟೈಂ ಕೊಟ್ಟಿವ್ನಿ ಕಣಮ್ಮ. ಬೋರ್ಡು ಬರನಿಲ್ಲ ಅಂದ್ರೆ ಸ್ಟೇಷನ್ನಿಗೆ ಬರ್ದು ಕೊಡ್ತೀನಿ. ಸರ್ಕಾರದ ವಸ್ತು.”

“ಯತೀಶನೇ ಅಂತ ಹೆಂಗೆ ಹೇಳ್ತೀರಿ?”

“ಹೋದ ವಾರ ಆ ನಟ್ಟುಗಳಿಗೆ ಎಣ್ಣೆ ಬುಟ್ಟೋನು ಇವನೇ. ಊರೆಲ್ಲ ನೋಡೈತೆ. ಇಂಥ ಬೋರ್ಡು ನಮ್ಮನೇಲಿ ಇರಬೇಕಿತ್ತು ಅಂದೋನೂ ಇವನೇ. ಇನ್ನೇನು ಬೇಕು?”

ಯತೀಶ್ ನೆಲ ನೋಡುತ್ತಾ ನಿಂತಿದ್ದ. “ಪ್ರೀತಿಗೆ ಅಂದೆ ಅಕ್ಕ. ತುಕ್ಕು ಹಿಡೀಬಾರ್ದು ಅಂತ ಎಣ್ಣೆ ಬುಟ್ಟೆ. ನನ್ ಅಂಗಡೀನೂ ತಡಕಿದ್ರು, ಮನೇನೂ ತಡಕಿದ್ರು.”

ಅತ್ತಿಗೆ ಕಂಬದ ಹತ್ತಿರ ಹೋದರು. ಫಲಕ ಕೈಗೆಟುಕುವ ಎತ್ತರದಲ್ಲೇ ಇದ್ದದ್ದು. ಕಂಬದ ತೂತುಗಳಲ್ಲಿ ಬೋಲ್ಟು ಇದ್ದವು, ಒಂದೊಂದಕ್ಕೂ ನಟ್ಟು ತಿರುಗಿಸಿ ಕೂರಿಸಲಾಗಿತ್ತು. ಸುತ್ತಮುತ್ತ ನೋಡಿದರು—ಚರಂಡಿಯ ತುಂಬ ಜಾಲಿಮುಳ್ಳು, ಅದರಾಚೆ ಲಾಂಟಾನ ಪೊದೆ, ಈ ಪಕ್ಕ ಯಾರೋ ನಾಯಕರ ಹುಟ್ಟುಹಬ್ಬಕ್ಕೆ ಕಟ್ಟಿದ ದೊಡ್ಡ ಫ್ಲೆಕ್ಸು. ಬೋಳು ಕಂಬದ್ದೂ ಒಂದು ಫೋಟೋ ತೆಗೆದುಕೊಂಡರು, ಬುಡದಲ್ಲಿ ತಮ್ಮದೊಂದು ಚಪ್ಪಲಿ ಇಟ್ಟು.

“ಗುಜರಿಯವನ ಕೆಲಸ,” ಅಂದೆ ನಾನು.

“ಗುಜರಿಯವನು ಬೋಲ್ಟು ಬಿಟ್ಟು ಹೋಗ್ತಾನಾ?”

ನಾನು ನಟ್ಟೊಂದನ್ನು ಮುಟ್ಟಿ ನೋಡಿದೆ.

ಅತ್ತಿಗೆ ದಾರಿಯಲ್ಲೇ ಉಳಿದಿಬ್ಬರಿಗೂ ಫೋನ್ ಮಾಡಿ ಬರಲು ಹೇಳಿದ್ದರು. ಮೊದಲು ಬಂದವಳು ಹೇಮಶ್ರೀ. ಹಾರನಹಳ್ಳಿಯಲ್ಲಿ ಹೊಲಿಗೆ ಅಂಗಡಿ, ಬಾಯಿ ಕತ್ತರಿಗಿಂತ ಚುರುಕು. ಸ್ಕೂಟರಿನಿಂದ ಇಳಿದವಳೇ ಯತೀಶನ ಹೆಗಲು ತಟ್ಟಿದಳು. ಆಮೇಲೆ ರೇಣುಕಾಪ್ರಸಾದ್ ಕಾರಲ್ಲಿ ಬಂದ. ಕಪ್ಪು ಪಂಚೆ, ಕಪ್ಪು ಅಂಗಿ, ಕೊರಳಲ್ಲಿ ತುಳಸಿ ಮಣಿ—ಸೋಮವಾರವಷ್ಟೇ ಅಯ್ಯಪ್ಪನ ಮಾಲೆ ಹಾಕಿದ್ದ. ಮಧ್ಯಾಹ್ನದ ಟಾರು ಕಾದಿತ್ತು. ಬರಿಗಾಲಲ್ಲಿ ಕುಣಿಯುತ್ತಾ ನೆರಳಿಗೆ ಓಡಿದ.

“ಸ್ವಾಮಿ, ಚಪ್ಪಲಿ ಕಾರಲ್ಲಾದ್ರೂ ಇಟ್ಟಿದ್ದೀರಾ?” ಹೇಮಶ್ರೀ ಕೆಣಕಿದಳು.

“ಆಸೆ ಇಟ್ಕೋಬಾರದಮ್ಮ. ಮಾಲೆ ಹಾಕಿದ ದಿನಾನೇ ಚಪ್ಪಲಿನ ನಮ್ಮ ಗದ್ದೆ ನೋಡ್ಕೊಳ್ಳೋ ಜವರಯ್ಯನಿಗೆ ಕೊಟ್ಬಿಟ್ಟೆ.”

ಪುಟ್ಟಮಾದಮ್ಮ ಅಂಗಡಿಯಿಂದ ಇಳಿದು ಬಂದು ಅವನ ಮುಂದೆ ಕೈ ಮುಗಿದರು. “ಸಾಮಿ, ಮಾಲೆ ಆಕಿರೋರು ನೀವು. ನನ್ ಮಗಂಗೆ ಬಂದಿರೋ ಅಪವಾದ ಕಳೀಲಿ ಅಂತ ನೀವಾರ ಬೇಡ್ಕಳಿ.”

ರೇಣುಕಾಪ್ರಸಾದ್ ಪಂಚೆಯ ತುದಿ ಹಿಡಿದು ಕಾಲಿನ ಧೂಳು ಒರೆಸಿಕೊಳ್ಳತೊಡಗಿದ.

ಅತ್ತಿಗೆ ಬೆಂಚಿನ ಮೇಲೆ ಕುಳಿತರು. ವಿಮೆ ಮಾರುವವರ ಪ್ರಶ್ನೆಗಳು ನಿಮಗೆ ಗೊತ್ತಲ್ಲ—ನಗುತ್ತಲೇ ಕೇಳುತ್ತಾರೆ, ಬಿಡುವುದಿಲ್ಲ.

“ಹೇಮಾ, ಬೆಳಿಗ್ಗೆ ಎಲ್ಲಿದ್ದೆ?”

“ನಮ್ಮೂರ ಶಾಲೆ ಹತ್ರದ ಉಬ್ಬಿನ ಫಲಕದ ಹತ್ರ ಅಕ್ಕ. ಫೋಟೋ ಹಾಕಿದ್ದೀನಿ, ಕೆಂಪು ಪಟ್ಟಿ ಚಪ್ಪಲಿ ಸಮೇತ.”

“ಯತೀಶನ ಫಲಕ ಹೋದ್ರೆ ನಿನಗೆ ಲಾಭ.”

“ನನ್ನ ಕಲ್ಲು ಹೇಗೂ ಗೆಲ್ಲುತ್ತೆ. ಕದಿಯೋ ಕಷ್ಟ ಯಾಕೆ?”

ಇವಳೇ ಕಳ್ಳಿ ಅಂತ ನನಗೆ ಆ ಕ್ಷಣಕ್ಕೆ ಖಾತ್ರಿಯಾಯಿತು. ಇಷ್ಟು ಧೈರ್ಯ ನಿರಪರಾಧಿಗಳಿಗೆ ಇರುವುದಿಲ್ಲ.

“ಸ್ವಾಮಿ, ನೀವು?”

“ನೋಡಿಲ್ವಾ ಮೇಡಂ? ಬೆಳಿಗ್ಗೆ ಫೋಟೋ ಹಾಕಿದ್ದೀನಲ್ಲ.”

“ಎಲ್ಲಿದ್ರಿ ಅಂತ ಕೇಳಿದೆ.”

“ಅದೇ—ಫೋಟೋ ನೋಡಿ.”

ಅತ್ತಿಗೆ ಫೋನ್ ತೆಗೆದು ನನ್ನ ಕೈಗೆ ಕೊಟ್ಟರು. ಸಾಲಿಗ್ರಾಮ ರಸ್ತೆಯ ತಿರುವಿನ ಫಲಕ, ಹಿಂದೆ ಗದ್ದೆ, ಎಳೆ ಬಿಸಿಲು. ಬುಡದಲ್ಲಿ ರೇಣುಕಾಪ್ರಸಾದನ ಕಂದು ಬಣ್ಣದ ದಪ್ಪ ಚಪ್ಪಲಿ, ನಾನು ನೂರು ಸಲ ನೋಡಿದ್ದೇ. ಕೆಳಗೆ ‘ಶುಭೋದಯ’. ಪುಟ್ಟಮಾದಮ್ಮ ಹಾಲು ತರಲು ಹೋದ ಹೊತ್ತಿಗೇ ಅದು ಬಳಗಕ್ಕೆ ಬಂದಿತ್ತು. ಕೆ.ಆರ್. ನಗರ ಎಲ್ಲಿ, ಹಂಪಾಪುರ ಎಲ್ಲಿ? ನಡುವೆ ಕಾರಿಗೂ ಒಂದು ಗಂಟೆಗೆ ಕಡಿಮೆಯಿಲ್ಲದ ದಾರಿ.

“ಸ್ವಾಮಿಗಳು ಪಾರಾದರು,” ಅಂದೆ.

“ಪಾರಾದರಾ?” ಅತ್ತಿಗೆ ಎದ್ದು ನಿಂತರು. “ಇವತ್ತು ಮೂವರೂ ಫೋಟೋ ಹಾಕಿದ್ದಾರೆ, ಮೂರು ಚಪ್ಪಲಿ ಇವೆ. ಯತೀಶನ ನೀಲಿ ಚಪ್ಪಲಿ ಅವನ ಕಾಲಲ್ಲಿದೆ. ಹೇಮನ ಕೆಂಪು ಪಟ್ಟಿ ಅವಳ ಕಾಲಲ್ಲಿದೆ. ಆ ಕಂದು ಚಪ್ಪಲಿ ಎಲ್ಲಿದೆ ವಿರೂಪಾಕ್ಷ?”

ನಾನು ರೇಣುಕಾಪ್ರಸಾದನ ಕಾಲು ನೋಡಿದೆ. ಅಲ್ಲಿದ್ದ ಎಲ್ಲರೂ ನೋಡಿದರು. ಅವನೂ ನೋಡಿಕೊಂಡ.

“ಸೋಮವಾರ ಜವರಯ್ಯನಿಗೆ ಕೊಟ್ಟ ಚಪ್ಪಲಿ ಶನಿವಾರ ಫಲಕದ ಬುಡಕ್ಕೆ ಹೇಗೆ ಬಂತು ಸ್ವಾಮಿ? ಜವರಯ್ಯನಿಗೆ ಫೋನ್ ಮಾಡಲಾ? ಇಲ್ಲಾ ಅದು ಮಾಲೆ ಹಾಕೋಕೆ ಮುಂಚೆ ತೆಗೆದಿಟ್ಟಿದ್ದ ಫೋಟೋನಾ?”

ರೇಣುಕಾಪ್ರಸಾದ್ ಬೆಂಚಿನ ಮೇಲೆ ಕುಸಿದ.

“ಚಪ್ಪಲಿ ಇದ್ರೆ ಸಾಕು, ನಾವು ಆಮೇಲೆ ಏನೂ ನೋಡಲ್ಲ,” ಅಂದರು ಅತ್ತಿಗೆ. “ಆ ಅಭ್ಯಾಸ ಮಾಡಿಸಿದವಳು ನಾನೇ. ಬೇರೆ ಯಾರದಾದ್ರೂ ಸರಿ, ಚಪ್ಪಲಿ ಇಲ್ಲದ ಫೋಟೋ ಅನುಮಾನ. ಮಾಲೆ ಹಾಕಿದವರ ಫೋಟೋದಲ್ಲಿ ಚಪ್ಪಲಿ ಇರೋದೇ ಅನುಮಾನ.”

“ನಾನು ಸುಳ್ಳು ಹೇಳಿಲ್ಲ ಮೇಡಂ,” ಅವನ ದನಿ ಕ್ಷೀಣವಾಗಿತ್ತು. “ಮಾಲೆ ಹಾಕಿ ಸುಳ್ಳಾಡಬಾರದು. ಬರೀ ಫೋಟೋ ಹಾಕಿದೆ.”

“ಬಾಯಲ್ಲಿ ಹೇಳಿಲ್ಲ, ನಿಜ. ಬೆರಳಲ್ಲಿ ಹೇಳಿದ್ರಿ.”

ಚನ್ನಬಸವಣ್ಣನ ಬಾಯಿ ತೆರೆದದ್ದು ಮುಚ್ಚಲಿಲ್ಲ. “ಅಂಗಾರೆ ಬೋರ್ಡು ಎಲ್ಲೈತೆ? ಕೆ.ಆರ್. ನಗರಕ್ಕೆ ವೋಯ್ತಾ?”

“ಇಲ್ಲ. ಬೋಲ್ಟು ನಟ್ಟು ಮತ್ತೆ ಕಂಬದಲ್ಲೇ ಕೂರಿಸಿ ಹೋದವನು ಫಲಕ ವಾಪಸ್ ಹಾಕುವ ಯೋಚನೆ ಇದ್ದವನು. ದೂರ ಸಾಗಿಸಿರಲ್ಲ. ಚರಂಡಿ ತುಂಬ ಮುಳ್ಳು, ಬರಿಗಾಲಲ್ಲಿ ಇಳಿಯೋಕಾಗಲ್ಲ. ಪುಟ್ಟಮಾದಮ್ಮ ಬರೋದ್ರೊಳಗೆ, ಟಾರು ಬಿಟ್ಟು ಇಳಿಯದೆ ಇಷ್ಟಗಲ ತಗಡು ಎಲ್ಲಿ ಬಚ್ಚಿಡಬಹುದು?”

ಯತೀಶ್ ಆಗಲೇ ಹುಟ್ಟುಹಬ್ಬದ ಫ್ಲೆಕ್ಸಿನ ಹಿಂದಕ್ಕೆ ಓಡಿದ್ದ. ಬಂದಾಗ ಅವನ ಎರಡೂ ಕೈಯಲ್ಲಿ ಹೂವಿನ ಬೆಡ್‌ಶೀಟಿನಲ್ಲಿ ಸುತ್ತಿದ ಫಲಕ. ಬೆಡ್‌ಶೀಟಿನ ಒಳಗೆ ಪತ್ರಿಕೆಯ ಕಾಗದ, ಮೂಲೆಗಳಿಗೆ ಹತ್ತಿ. ಒಂದು ಗೀರೂ ಬಿದ್ದಿರಲಿಲ್ಲ. ಕಳ್ಳನಾದರೂ ಬಳಗದ ಕಳ್ಳ.

“ನಾಳೆ ಇಂಜಿನಿಯರ್ ಬಂದು ಹೋದ ಮೇಲೆ ನಾನೇ ಹಾಕಿಬಿಡ್ತಿದ್ದೆ,” ಅಂದ ರೇಣುಕಾಪ್ರಸಾದ್. “ಒಂದು ಸಲ ಕ್ಯಾಲೆಂಡರಲ್ಲಿ ನಮ್ಮೂರು ಬರಲಿ ಅಂತ. ಯತೀಶನ ತಲೆ ಮೇಲೆ ಬರುತ್ತೆ ಅಂತ ಅನ್ಕೊಂಡಿರಲಿಲ್ಲ.”

“ಬಂತಲ್ಲ? ಬೆಳಿಗ್ಗೆನೇ ಬಂತು. ಆಮೇಲಾದ್ರೂ ಯಾಕೆ ಹೇಳಲಿಲ್ಲ?”

ಅವನು ಕೊರಳ ಮಣಿ ಹಿಡಿದುಕೊಂಡ. ನನಗೆ ಅವನ ಮೇಲೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು. ಒಳ್ಳೆಯವರು ತಪ್ಪು ಮಾಡಿದರೆ ಅದನ್ನು ಒಪ್ಪಿಕೊಳ್ಳುವುದಕ್ಕೆ ಕೆಟ್ಟವರಿಗಿಂತ ಹೆಚ್ಚು ಒದ್ದಾಡುತ್ತಾರೆ.

“ನನಗೆ ಹೇಳಿದ್ದು ಸಾಲದು,” ಅಂದರು ಅತ್ತಿಗೆ. “ಆ ಮರದ ಕೆಳಗಿನವರಿಗೆ ಕೇಳಿಸಬೇಕು.”

ರೇಣುಕಾಪ್ರಸಾದ್ ಎದ್ದ. ಕಾದ ಟಾರಿನ ಮೇಲೆ ನಡೆದ, ಈ ಸಲ ಕುಣಿಯಲಿಲ್ಲ. ರಸ್ತೆಯ ನಡುವೆ ನಿಂತು ಗಟ್ಟಿಯಾಗಿ ಹೇಳಿದ—“ಬೋರ್ಡು ತೆಗೆದವನು ನಾನು. ಯತೀಶ್ ಮುಟ್ಟಿಲ್ಲ. ನಿಮಗೆಲ್ಲ ಗೊತ್ತಿರಲಿ.”

ಹೊಂಗೆಮರದ ಕೆಳಗಿದ್ದವರು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಒಬ್ಬ ಯತೀಶನ ಬೆನ್ನು ಗುದ್ದಿ, “ಬುಡ್ಲಾ, ನೀನಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು” ಅಂದ. ಬೆಳಗಿನಿಂದ ಅತಿ ಜೋರಾಗಿ ಬೈದವನು ಅವನೇ ಅಂತ ಆಮೇಲೆ ತಿಳಿಯಿತು. ಯತೀಶ್ ಸ್ಪ್ಯಾನರ್ ತಂದ, ರೇಣುಕಾಪ್ರಸಾದ್ ಫಲಕ ಎತ್ತಿ ಹಿಡಿದ. ಇಬ್ಬರೂ ಮಾತಾಡಲಿಲ್ಲ. ಕೊನೆಯ ನಟ್ಟು ಬಿಗಿಯುವಾಗ ಯತೀಶ್, “ಎಡಗಡೆ ಸ್ವಲ್ಪ ಎತ್ತಿ ಸ್ವಾಮಿ, ವಾರೆ ಆಯ್ತದೆ” ಅಂದ. ಅಷ್ಟಕ್ಕೆ ರೇಣುಕಾಪ್ರಸಾದನ ಮುಖದಲ್ಲಿ ಜೀವ ಬಂತು.

ಮಾರನೇ ದಿನ ಇಂಜಿನಿಯರ್ ಬಂದು ಹೇಮಶ್ರೀಯ ಕಲ್ಲನ್ನೇ ಹಿರಿಯದೆಂದು ಆರಿಸಿದ್ದು, ಅವಳು ಒಂದು ವಾರ ನಮ್ಮ ಯಾರನ್ನೂ ಬಾಳಗೊಡದಿದ್ದು ಬೇರೆಯ ಸಂಗತಿ.

ಪುಟ್ಟಮಾದಮ್ಮ ಒಲೆ ಹಚ್ಚಿದರು. ಬೆಂಚು ತುಂಬಿತು, ಜನ ನಿಂತೂ ಕುಡಿದರು. ಚನ್ನಬಸವಣ್ಣ ಮೂರು ಸಲ ಟೀ ಕೇಳಿದರು. ಮೂರು ಸಲವೂ “ಬತ್ತದೆ ಕೂತ್ಕಳಿ” ಎಂಬ ಉತ್ತರ ಬಂತು. ಎಲ್ಲರಿಗೂ ಆದ ಮೇಲೆ ಅವರಿಗೆ ಸಿಕ್ಕಿತು, ಅದೂ ತಳದ್ದು.

ರೇಣುಕಾಪ್ರಸಾದ್ ಕಾರಿನ ಬಾಗಿಲು ತೆರೆದು ನಿಂತಿದ್ದ. ಹೋಗಲಾರ, ಇರಲಾರ. ಪುಟ್ಟಮಾದಮ್ಮ ಸೆರಗಿಗೆ ಕೈ ಒರೆಸುತ್ತಾ ಅವನ ಹತ್ತಿರ ಹೋದರು. ಈ ತಾಯಿ ಏನಂದರೂ ಅನ್ನಬಹುದಾಗಿತ್ತು.

“ಮಾಲೆ ಆಕಿದ್ದೀರಿ, ವರಗಡೆ ಟೀ ನಿಮ್ಗೆ ಆಗಾಕಿಲ್ಲ,” ಅಂದರು. “ಬೆಟ್ಟಕ್ಕೋಗಿ ಬನ್ನಿ. ಮಾಲೆ ಇಳಿಸಿದ ಮಾರ್ನೆ ದಿನ ಇಲ್ಲಿಗೆ ಬರ್ಬೇಕು. ಆವತ್ತು ನೀವು ಕುಡಿಯೋಗಂಟ ಇನ್ನೊಬ್ರಿಗೆ ಕೊಡಾಕಿಲ್ಲ.”