ಬಾಳವ್ವನ ಹಸಿದ ಬುತ್ತಿಚೀಲ

ಬಹಳ ಹಿಂದೆ, ಸೂಜಿಗಳಿಗೂ ಸಿಟ್ಟು ಬರುತ್ತಿದ್ದ ಕಾಲದಲ್ಲಿ, ಬಿಸಿಲುಗುಡ್ಡ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಕೈಯಿಂದ ಹೊಲಿದದ್ದಕ್ಕೆಲ್ಲ ಜೀವ ಬರುತ್ತಿತ್ತು. ಅಂಗಿಗಳು ಗೊಣಗುತ್ತಿದ್ದವು, ಟೊಪ್ಪಿಗೆಗಳು ಆಕಳಿಸುತ್ತಿದ್ದವು, ಹೊದೆಯುವ ಕೌದಿಗಳು ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತಿದ್ದವು. ಅದಕ್ಕೇ ಅಲ್ಲಿನ ಹೆಂಗಸರು ಏನೇ ಹೊಲಿಯಲಿ, ಕಡೆಯ ಮೂಲೆ ಮುಚ್ಚುವ ಮೊದಲು ಚಿಟಿಕೆ ಜೋಳ ಇಟ್ಟು ಮುಚ್ಚುತ್ತಿದ್ದರು. ಹೊಲಿದದ್ದರ ಹೊಟ್ಟೆ ಖಾಲಿ ಬಿಡಬಾರದು. ಇದನ್ನು ಬಾಳವ್ವ ಮರೆತಳು, ನೀವಾದರೂ ನೆನಪಿಟ್ಟುಕೊಳ್ಳಿ.

ಆ ರಾಜ್ಯಕ್ಕೆ ತಂಗಳಯ್ಯ ಎಂಬ ಮಾಂತ್ರಿಕ ಬಂದು ವಕ್ಕರಿಸಿದ. ಗುಡ್ಡದ ನೆತ್ತಿಯ ಗವಿಯಲ್ಲಿ ಕೂತು ಅವನು ಉಫ್ ಎಂದು ಊದಿದರೆ ಸಾಕು, ಒಲೆಯ ಮೇಲೆ ಕುದಿಯುತ್ತಿದ್ದ ಸಾರು ತಟ್ಟೆಗೆ ಬೀಳುವಷ್ಟರಲ್ಲಿ ಮಂಜಿನಂತೆ ತಣ್ಣಗಾಗುತ್ತಿತ್ತು. ರಾಜ ಏನು ಮಾಡಿದ ಅನ್ನುತ್ತೀರಾ? ತಣ್ಣನೆ ಸಾರು ಕುಡಿದು, ಮೂಗು ಸೊರ್ ಅನ್ನಿಸಿ, ಮಾಂತ್ರಿಕನನ್ನು ಹಿಡಿಯಬೇಕೆಂದು ಡಂಗುರ ಹೊಡೆಸಿದ. ಆಮೇಲೆ ಕಾವಲುಗಾರ ದುಂಡಪ್ಪನನ್ನು ಕರೆದು, "ಹೋಗಿ ಹಿಡ್ಕೊಂಡು ಬಾ" ಅಂದ. ಹಿಡಿದು ತರಲು ಮಾಂತ್ರಿಕನೇನು ಮೇಕೆಯೇ?

ದುಂಡಪ್ಪ ಬಾಳವ್ವನ ಗಂಡ. ಹೊರಡುವ ದಿನವೂ ಅವನು ಬದನೆಕಾಯಿಯ ಎಣಗಾಯಿ ಬಾಯಿಗಿಟ್ಟು, "ಉಪ್ಪು ಕಮ್ಮಿ ಆಗೈತಿ" ಅಂದ. ಮದುವೆಯಾದಂದಿನಿಂದ ದಿನಾ ಇದೇ ಮಾತು.

"ಕಮ್ಮಿ ಆಗಿದ್ರ ಉಣಬ್ಯಾಡ್ರಿ!" ಎಂದು ಬಾಳವ್ವ ಕೂಗಿದಳು. ಬುತ್ತಿ ಕಟ್ಟಲೇ ಇಲ್ಲ. ಅವನು ಬರಿಗೈಯಲ್ಲಿ ಹೋದ.

ಸಂಜೆಗೆ ಅವನ ಟೊಪ್ಪಿಗೆಯೊಂದೇ ಉರುಳುತ್ತ ಉರುಳುತ್ತ ಮನೆಗೆ ಬಂತು.

"ಬಾಳವ್ವಾ, ತಂಗಳಯ್ಯ ಊದಿಬಿಟ್ಟ. ಗುಡ್ಡದ ನೆತ್ತಿ ಮ್ಯಾಲ ನಿನ್ನ ಗಂಡ ಪಾದದಿಂದ ಮ್ಯಾಲಕ್ಕ ಕಲ್ಲಾಗಾಕತ್ತಾನ" ಎಂದಿತು ಟೊಪ್ಪಿಗೆ. "ತುಟಿ ಕಲ್ಲಾಗೂದ್ರೊಳಗ ಮನಿ ಒಲಿಯ ಬಿಸಿ ತುತ್ತು ಬಾಯಿಗೆ ಬಿದ್ರ ಉಳಿತಾನ. ಇಲ್ಲಂದ್ರ ಇಲ್ಲ."

ನಾನೇ ಹಸಿದ ಹೊಟ್ಟೆಯಲ್ಲಿ ಕಳಿಸಿದೆನಲ್ಲ ಎಂದು ಬಾಳವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಮೂಗೊರೆಸಿಕೊಂಡು ರೊಟ್ಟಿಗೆ ಹಂಚು ಇಟ್ಟಳು.

ಮೊದಲ ಸಲ ಅವಳು ರೊಟ್ಟಿ ಎಣಗಾಯಿಯನ್ನು ಬರೀ ಬಟ್ಟೆಯಲ್ಲಿ ಕಟ್ಟಿಕೊಂಡು ಓಡಿದಳು. ದಾರಿಯಲ್ಲಿ ತಂಗಳಯ್ಯನ ಮಂಜಿನ ತೋಳ ಮಲಗಿತ್ತು. ಅದು ನೀಲಿ ನಾಲಗೆ ಚಾಚಿ ಗಂಟನ್ನೊಮ್ಮೆ ನೆಕ್ಕಿತು. ನೆತ್ತಿಗೆ ಹೋಗಿ ಬಿಚ್ಚಿದರೆ ರೊಟ್ಟಿ ಹಲಗೆಯಂತಾಗಿತ್ತು. ದುಂಡಪ್ಪ ಸೊಂಟದವರೆಗೆ ಕಲ್ಲಾಗಿದ್ದ.

"ಥೂ, ನನ್ನ ಹಣೆಬರಹವೇ!" ಎಂದು ಬೈದುಕೊಂಡು ಬಾಳವ್ವ ಮನೆಗೆ ಬಂದು ಬುತ್ತಿಗೊಂದು ಚೀಲ ಹೊಲಿಯಲು ಕೂತಳು. ಹಳೆಯ ಸೀರೆಗಳನ್ನು ಕೌದಿಯಂತೆ ಪದರ ಪದರವಾಗಿ ಹಾಸಿದಳು. ನಡುವೆ ಹರಿದ ಕಂಬಳಿಯ ತುಂಡು ಇಟ್ಟಳು. ಅತ್ತೆ ನಾಗವ್ವ ಪೆಟ್ಟಿಗೆ ತೆರೆದು ತನ್ನ ಮದುವೆಯ ಜರಿ ಸೀರೆ ತಂದು ಮುಂದಿಟ್ಟಳು.

"ಇದನ್ನ ಒಳಗ ಹಾಕು. ಹೊಳಪು ಒಳಮುಖ ಇರಲಿ. ಬಿಸಿ ಹೊರಗ ಹೋಗಾಕ ಬಂದ್ರ ಜರಿ ಹಿಂದಕ್ಕ ಅಟ್ಟತೈತಿ."

"ನಿಮ್ಮ ಮದವಿ ಸೀರೀನ ಕತ್ತರಿಸ್ಲೇನ್ರಿ ಅತ್ತಿ?"

"ಸೀರಿ ಉಟ್ಕೊಂಡು ಕುಣಿಯಾಕ ನನ್ನ ಮಗ ಬ್ಯಾಡೇನು? ಕತ್ತರಿಸು!"

ಬಾಳವ್ವ ಕತ್ತರಿಸಿದಳು. ದಾರ ತುಂಡಾಯಿತು. ಮತ್ತೆ ಪೋಣಿಸಿದಳು. ಸೂಜಿ ಸಿಡುಕಿ ಬೆರಳಿಗೆ ಚುಚ್ಚಿತು. ಅಡಿಭಾಗವನ್ನು ತಿರುವು ಮುರುವು ಹೊಲಿದಿದ್ದಳು, ಬಿಚ್ಚಿ ಮತ್ತೆ ಹೊಲಿದಳು. ಮೇಲೊಂದು ಮುಚ್ಚಳ, ಬಾಯಿಗೊಂದು ಲಾಡಿ. ಅತ್ತೆ ಪಕ್ಕದಲ್ಲೇ ಕೂತು ಬಡಬಡಿಸುತ್ತಿದ್ದಳು.

"ಏ ಬಾಳವ್ವ, ಕಡೀ ಮೂಲಿ..."

"ಸುಮ್ಮಕಿರ್ರಿ ಅತ್ತಿ! ಮೂಲಿ ಹೆಂಗ ಮುಚ್ಚೂದು ನನಗ ಗೊತ್ತೈತಿ!"

ಏನು ಗೊತ್ತಿತ್ತೋ! ಮೂಲೆ ಮುಚ್ಚಿಯೇಬಿಟ್ಟಳು. ರೊಟ್ಟಿಯನ್ನು ಹಂಚಿನಿಂದ, ಎಣಗಾಯಿಯನ್ನು ಬೋಗುಣಿಯಿಂದ ನೇರ ಚೀಲಕ್ಕೆ ಹಾಕಿ, ಲಾಡಿ ಎಳೆದು ಓಡಿದಳು.

ಎರಡನೆಯ ಸಲವೂ ತೋಳ ನೆಕ್ಕಿತು. ಈ ಸಲ ಚಳಿ ಒಳಗೆ ಇಳಿಯಲಿಲ್ಲ. ಬಾಳವ್ವ ಕುಣಿಯುತ್ತ ನೆತ್ತಿಗೆ ಹೋಗಿ ಲಾಡಿ ಬಿಚ್ಚಿದರೆ ಚೀಲ ಖಾಲಿ! ಚೀಲ ಡರ್ ಎಂದು ತೇಗಿತು.

"ಎಲ್ಲಿ ರೊಟ್ಟಿ?"

"ಉಂಡೆ" ಎಂದಿತು ಚೀಲ.

"ಉಂಡೆಯಾ? ನನ್ನ ಗಂಡನ ಜೀವ ಅದು!"

"ನನ್ನ ಜೀವಕ್ಕ ನೀ ಏನು ಕೊಟ್ಟಿ? ಚಿಟಿಕಿ ಜೋಳ ಇಟ್ಟಿಯೇನು? ಹಸದಿದ್ದೆ, ಉಂಡೆ."

ಬಾಳವ್ವನಿಗೆ ಚೀಲವನ್ನು ಹರಿದು ಹಾಕುವಷ್ಟು ಸಿಟ್ಟು ಬಂತು. ಹರಿಯಲಿಲ್ಲ. ಗಂಡನನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸಿದೆ, ಚೀಲವನ್ನೂ ಹಸಿದ ಹೊಟ್ಟೆಯಲ್ಲಿ ಹೊರಡಿಸಿದೆ, ನನ್ನ ಕೈಗೆ ಬೆಂಕಿ ಹಾಕ ಎಂದು ಗೋಳೋ ಎಂದು ಅತ್ತಳು. ದುಂಡಪ್ಪ ಕುತ್ತಿಗೆವರೆಗೆ ಕಲ್ಲಾಗಿದ್ದ. ಅವನ ಕಣ್ಣು ಮಾತ್ರ ಅವಳನ್ನೇ ನೋಡುತ್ತಿತ್ತು.

ಮನೆಗೆ ಬಂದಾಗ ನಾಗವ್ವ ಅಂಗೈಯಲ್ಲಿ ಜೋಳ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. "ನಾ ಹೇಳಿದ್ನಿಲ್ಲೋ?" ಎಂದು ಅವಳು ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು ಅನ್ನಿಸಿತು ಬಾಳವ್ವನಿಗೆ. ಮೂಲೆ ಬಿಚ್ಚಿದಳು, ಜೋಳ ಇಟ್ಟಳು, ಸಾವಕಾಶವಾಗಿ ಮುಚ್ಚಿದಳು.

"ಹೊಟ್ಟಿ ತುಂಬಿತೇನವ್ವ?" ಎಂದು ಚೀಲವನ್ನು ಕೇಳಿದಳು.

"ತುಂಬಿತು. ಇನ್ನ ಓಡು" ಎಂದಿತು ಚೀಲ.

ಬಾಳವ್ವ ಮತ್ತೆ ರೊಟ್ಟಿ ಎಣಗಾಯಿ ಮಾಡಿ, ಬಿಸಿಬಿಸಿಯಾಗಿ ಚೀಲಕ್ಕೆ ತುಂಬಿಕೊಂಡು ಓಡಿದಳು. ಮೂರನೆಯ ಸಲ ತೋಳ ನೆಕ್ಕಿ ನೆಕ್ಕಿ ಸುಸ್ತಾಯಿತು. ಒಳಗಿನ ರೊಟ್ಟಿಯ ವಾಸನೆ ಮೂಗಿಗೆ ಬಡಿಯುತ್ತಲೇ ಅದರ ಮೈಯ ಮಂಜೆಲ್ಲ ಕರಗಿ, ಬರೀ ಬಡಕಲು ನಾಯಿಯಾಗಿ ಬಾಲ ಅಲ್ಲಾಡಿಸುತ್ತ ಅವಳ ಹಿಂದೆ ಬಂತು. ನೆತ್ತಿಯಲ್ಲಿ ದುಂಡಪ್ಪನ ಗದ್ದವೂ ಕಲ್ಲಾಗಿತ್ತು. ಬಾಳವ್ವ ಲಾಡಿ ಬಿಚ್ಚಿದಳು. ಹಬೆ ಗಂ ಎಂದು ಎದ್ದಿತು. ತುತ್ತು ಮುರಿದು, ಎಣಗಾಯಿಯಲ್ಲಿ ಅದ್ದಿ, ಗಂಡನ ತುಟಿಯ ನಡುವೆ ತುರುಕಿದಳು.

ತುಟಿ ಅಲುಗಿತು, ಗದ್ದ ಅಲುಗಿತು, ಕಲ್ಲು ಚೂರು ಚೂರಾಗಿ ಕೆಳಗೆ ಉದುರಿತು.

ತಂಗಳಯ್ಯ ಗವಿಯಿಂದ ಧಡಧಡ ಹೊರಗೆ ಬಂದ. "ನನ್ನ ಗುಡ್ಡದ ಮ್ಯಾಲ ಬಿಸಿ ಊಟವೇ?" ಎಂದು ಕೆನ್ನೆ ಉಬ್ಬಿಸಿ, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಊದಿದ. ಅಷ್ಟರಲ್ಲಿ ಬಾಳವ್ವನಿಗೂ ಸಾಕುಸಾಕಾಗಿತ್ತು. ಬಿಸಿಯನ್ನು ಹೊರಗೆ ಬಿಡದ ಚೀಲ ಚಳಿಯನ್ನು ಮಾತ್ರ ಯಾಕೆ ಬಿಟ್ಟೀತು? ಉಳಿದ ರೊಟ್ಟಿ ತೆಗೆದು ಗಂಡನ ಕೈಗಿಟ್ಟು, ಚೀಲದ ಬಾಯಿ ಅಗಲಿಸಿ ಹಿಡಿದಳು. ಉಸಿರೆಲ್ಲ ಸರ್ರನೆ ಒಳಗೆ ಹೋಯಿತು. ಲಾಡಿ ಎಳೆದು ಗಂಟು ಹಾಕಿದಳು.

ಮಾಯದ ಉಸಿರು ಹೋದ ಮೇಲೆ ತಂಗಳಯ್ಯ ನಡುಗುವ ಮುದುಕನಾಗಿ ಕುಸಿದು ಕೂತ. ದುಂಡಪ್ಪ ಅವನಿಗೂ ಒಂದು ತುತ್ತು ಕೊಟ್ಟ. ಹುಟ್ಟಿದಂದಿನಿಂದ ಬಿಸಿ ಉಣ್ಣದ ಮುದುಕ ನಾಲಗೆ ಸುಟ್ಟುಕೊಂಡು, "ಹಾ ಹಾ" ಎನ್ನುತ್ತ ಇನ್ನೊಂದು ತುತ್ತಿಗೆ ಕೈ ಚಾಚಿದ.

ದುಂಡಪ್ಪ ನಿಧಾನಕ್ಕೆ ಅಗಿದು ನುಂಗಿ, ಹೆಂಡತಿಯನ್ನು ನೋಡಿದ.

"ಉಪ್ಪು ಕಮ್ಮಿ ಆಗೈತಿ" ಅಂದ.

ಬಾಳವ್ವ ಅವನ ಬೆನ್ನಿಗೊಂದು ಗುದ್ದು ಹಾಕಿದಳು. ಆಮೇಲೆ ಅದೇ ಬೆನ್ನಿಗೆ ಮುಖ ಒತ್ತಿ ಬಿಕ್ಕಿದಳು.

"ಇನ್ನೊಮ್ಮೆ ಅನ್ರಿ" ಅಂದಳು.

ಅಂದಿನಿಂದ ಬಿಸಿಲುಗುಡ್ಡದವರು ಬಿಸಿಬಿಸಿ ಉಂಡರು. ಬೇಸಿಗೆ ಬಂದಾಗ ಬಾಳವ್ವನ ಮನೆಗೆ ಹೋಗಿ, ಆ ಚೀಲದ ಲಾಡಿ ಬೆರಳಷ್ಟು ಸಡಿಲಿಸಿ, ಮಜ್ಜಿಗೆ ತಣ್ಣಗೆ ಮಾಡಿಕೊಂಡು ಕುಡಿದರು. ದುಂಡಪ್ಪ ಬದುಕಿರುವವರೆಗೂ ಉಪ್ಪು ಕಮ್ಮಿ ಅಂದ, ಬಾಳವ್ವ ಬದುಕಿರುವವರೆಗೂ ಬೈದಳು, ಬುತ್ತಿ ಮಾತ್ರ ಒಂದು ದಿನವೂ ತಪ್ಪಲಿಲ್ಲ.