ಅವನು ಬೆಂಚು ಬದಲಿಸಿದ ಕಾರಣ

ಅವನು ನಕ್ಕದ್ದು ತನ್ನನ್ನು ನೋಡಿಯೇ ಎಂದು ಅವಳಿಗೆ ಖಾತ್ರಿಯಾಗಿತ್ತು.

ನಗದೆ ಇನ್ನೇನು? ಹೃದಯದ ಬಡಿತಕ್ಕೆ ಸಮೀಕರಣ ಬರೆಯುತ್ತೇನೆಂದು ಗಣಿತ ಬಿಟ್ಟು ಈ ಜೀವಶಾಸ್ತ್ರದ ಪಿಎಚ್.ಡಿ.ಗೆ ಸೇರಿದವಳು, ಹನಿ ಅಳೆದು ಹಾಕುವ ಪಿಪೆಟ್ಟನ್ನು ಪೆನ್ನಿನ ಹಾಗೆ ಹಿಡಿದು ನಿಂತಿದ್ದಳು. ಲೆಕ್ಕ ಓದಿ ಬಂದವರು ಮೊದಲ ವರ್ಷ ಲ್ಯಾಬಿನ ಕೈಕೆಲಸ ಕಲಿಯಲೇಬೇಕು. ಕಲಿಸಿದ ಸೀನಿಯರ್ ಒಳ್ಳೆಯ ವರದಿ ಕೊಟ್ಟರೆ ಮುಂದಿನ ದಾರಿ, ಇಲ್ಲವಾದರೆ ಗಂಟುಮೂಟೆ. ಅವಳ ಪಾಲಿಗೆ ಬಂದ ಸೀನಿಯರ್ ಅವನು. ಫಿಸಿಕ್ಸ್‌ನಿಂದ ಇತ್ತ ಹಾರಿದವನು.

"ಯಾಕೆ ನಗ್ತಿದ್ದೀರಿ?"

"ನಾನೂ ಹಾಗೇ ಹಿಡೀತಿದ್ದೆ. ಹೆಬ್ಬೆರಳು ಮೇಲಿಡಿ. ಹಾಂ, ಸರಿ."

ತೋರಿಸಲು ಬಂದ ಅವನ ಬೆರಳು ಅವಳ ಬೆರಳಿನ ಹತ್ತಿರ ಬಂದು, ಮುಟ್ಟದೆ ನಿಂತಿತು. ಮುಟ್ಟಲಿಲ್ಲವಲ್ಲ ಎಂದು ತನಗೇಕೆ ಅನಿಸಿತು? ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಲ್ಯಾಬಿನವರೆಲ್ಲ ಅವಳನ್ನು 'ಲೆಕ್ಕದಮ್ಮ' ಎಂದು ರೇಗಿಸುತ್ತಿದ್ದರು. ಅವನೊಬ್ಬ ರೇಗಿಸುತ್ತಿರಲಿಲ್ಲ. ಅದೂ ಅವಳಿಗೆ ಅನುಮಾನ. ಅವಳು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳು ಸತ್ತು, ಪಕ್ಕದಲ್ಲೇ ಅವನವು ನಳನಳಿಸಿದಾಗ ಅನುಮಾನ ಇನ್ನಷ್ಟು ಬಲಿಯಿತು.

"ನನ್ನವೂ ಮೊದಮೊದಲು ಸಾಯ್ತಿದ್ವು," ಎಂದ ಅವನು.

"ಎಲ್ಲದಕ್ಕೂ ನಾನೂ ಹಾಗೇ ಅಂತೀರಲ್ಲ, ಸಮಾಧಾನಕ್ಕಾ?"

ಅವನು ತನ್ನ ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ನೋಡಿ ಎಂಬಂತೆ ಪಕ್ಕಕ್ಕೆ ಸರಿದ. ಅವಳು ಕಣ್ಣಿಟ್ಟಳು. ಹೃದಯದ ಕೋಶಗಳು ತಮ್ಮಷ್ಟಕ್ಕೇ ಮಿಡಿಯುತ್ತಿದ್ದವು! ಕಾಗದದ ಮೇಲೆ ಎಷ್ಟೋ ಸಲ ಬರೆದಿದ್ದ ಬಡಿತ, ಜೀವಂತವಾಗಿ. ಉಸಿರು ಬಿಗಿಹಿಡಿದು ತಲೆಯೆತ್ತಿದರೆ, ಅವನು ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನ ಹಾಗೆ ನೋಟ ಹೊರಳಿಸಿ, ಮುಚ್ಚಿದ್ದ ಬಾಟಲಿಯನ್ನೇ ಮತ್ತೆ ಮುಚ್ಚತೊಡಗಿದ.

ಮರುವಾರ ಅವಳ ಬೆಂಚಿಗೆ ಬೇರೊಬ್ಬ ಸೀನಿಯರ್ ಬಂದಿದ್ದಳು. ಲ್ಯಾಬಿನ ಟೆಕ್ನಿಷಿಯನ್ ಅಕ್ಕ ಕಿವಿಯಲ್ಲಿ ಉಸುರಿದಳು: "ನಿನಗೆ ಕಲಿಸೋದು ಬೇಡ ಅಂತ ಅವನೇ ಗೈಡ್ ಮೇಡಂ ಹತ್ರ ಕೇಳ್ಕೊಂಡನಂತೆ ಕಣೇ."

ಅವಳ ಮೈಯೆಲ್ಲ ಉರಿದುಹೋಯಿತು. ಅಮ್ಮನಿಗೆ ಫೋನ್ ಮಾಡಿ ತೋಡಿಕೊಂಡಳು. "ಎದುರಿಗೆ ಒಂದು, ಹಿಂದೆ ಒಂದು ಅಮ್ಮ ಅವನು. ದಡ್ಡಿ ಅಂತ ಕೈಬಿಟ್ಟ."

"ಅದ್ಯಾರೇ ಅವನು? ಫೋನ್ ಮಾಡಿದಾಗೆಲ್ಲ ಅವನ ಸುದ್ದಿನೇ," ಎಂದರು ಅಮ್ಮ.

ಮಧ್ಯಾಹ್ನ ಕ್ಯಾಂಟೀನಿನ ಮೆಟ್ಟಿಲ ಮೇಲೆ ಅವನನ್ನು ತಡೆದಳು. "ನನ್ನಿಂದ ಆಗಲ್ಲ ಅನ್ನಿಸಿದ್ರೆ ಮುಖಕ್ಕೇ ಹೇಳ್ಬಹುದಿತ್ತು."

"ಹಾಗಲ್ಲ."

"ಮತ್ತೆ ಹೇಗೆ?"

"ನಿಮ್ಮ ವರದಿ ಬರ್ಲಿ, ಹೇಳ್ತೀನಿ." ಅವನ ಕಿವಿ ಕೆಂಪಾಗಿತ್ತು. ಸುಳ್ಳು ಸಿಕ್ಕಿಬಿದ್ದದ್ದಕ್ಕೇ ಕೆಂಪಾಗಿರಬೇಕು ಎಂದುಕೊಂಡಳು ಅವಳು.

ಆ ಹಟದಲ್ಲೇ ಕಲಿತಳು. ಕೋಶಗಳನ್ನು ಮಗುವಿನ ಹಾಗೆ ಸಾಕಿದಳು. ಅವು ಮಿಡಿದವು, ಅವುಗಳ ಲಯ ಅವಳ ಸಮೀಕರಣಕ್ಕೆ ಹೊಂದಿಕೆಯಾಗದೆ ತಕರಾರು ಮಾಡಿದಾಗ ಸಮೀಕರಣವನ್ನೇ ತಿದ್ದಿದಳು. ವರದಿಯಲ್ಲಿ ಹೊಸ ಸೀನಿಯರ್ ಬಾಯ್ತುಂಬ ಹೊಗಳಿದ್ದಳು.

ಆ ಸಂಜೆ ಅವನು ಗೇಟಿನ ಬಳಿ ಕಾದಿದ್ದ.

"ಈಗ ಹೇಳಿ," ಎಂದಳು, ಕೈಕಟ್ಟಿಕೊಂಡು.

"ನಾನೇ ವರದಿ ಕೊಟ್ಟಿದ್ರೆ ಅದು ನ್ಯಾಯ ಆಗ್ತಿರ್ಲಿಲ್ಲ. ನೀನು ತಪ್ಪು ಮಾಡಿದ್ರೂ ನನಗೆ ಚೆಂದ ಕಾಣ್ತಿತ್ತು."

'ನೀವು' ಯಾವಾಗ 'ನೀನು' ಆಯಿತೋ! ಅವಳು ಕೇಳದವಳಂತೆ ನಿಂತಳು.

"ಆಗಲೇ ಹೇಳೋಕೆ ಏನಾಗಿತ್ತು?"

"ನಿನ್ನ ವರದಿ ಇನ್ನೂ ಬರಬೇಕಿತ್ತು. ಸೀನಿಯರ್‌ಗೆ ಇಲ್ಲ ಅನ್ನೋಕೆ ಭಯ ಆಗ್ತಿತ್ತು ನಿನಗೆ. ಈಗ ಧಾರಾಳವಾಗಿ ಅನ್ನಬಹುದು."

ಅವಳು ಅವನ ಮುಖದಲ್ಲಿ ಸುಳ್ಳನ್ನು ಹುಡುಕಿದಳು. ಎಲ್ಲೂ ಸಿಗಲಿಲ್ಲ. ಆದರೂ ಬಿಡಲಿಲ್ಲ.

"ಮೇಡಂಗೆ ಏನು ಕಾರಣ ಕೊಟ್ರಿ?"

"ನಿಜಾನೇ ಹೇಳ್ದೆ."

"ಅಂದ್ರೆ ಇಷ್ಟು ದಿನ ಮೇಡಂಗೆ ಗೊತ್ತಿತ್ತಾ? ನನಗೊಬ್ಬಳಿಗೇ ಗೊತ್ತಿರ್ಲಿಲ್ವಾ?"

"ಟೆಕ್ನಿಷಿಯನ್ ಅಕ್ಕಂಗೂ ಗೊತ್ತಿತ್ತು ಅನ್ಸುತ್ತೆ."

ಅವಳಿಗೆ ಸಿಟ್ಟು ಬರಬೇಕಿತ್ತು. ನಗು ಬಂತು. "ಹಾಗಾದ್ರೆ ನಮ್ಮಮ್ಮಂಗೂ ಗೊತ್ತು," ಎಂದು ಅವನ ಕೈ ಹಿಡಿದುಕೊಂಡಳು. "ನಡಿ, ಬಸ್ಸು ಹೋಗಿಬಿಡುತ್ತೆ."