‘ಇವಳೇ’ ಎಂದು ಕರೆದಾಗ

"ನಮ್ಮಜ್ಜಿ ಆಗೋಕೆ ನಿಮಗೆ ಯಾರ್ರೀ ಹೇಳಿದ್ದು?"

ಬಾಗಿಲಲ್ಲಿ ಗುಡುಗಿದ ದನಿಗೆ ಅವಳ ಕೈಯಲ್ಲಿದ್ದ ಕೇರಂ ಕಾಯಿ ಜಾರಿ ಬಿತ್ತು.

ವಾರವೆಲ್ಲ ಹೊಲಿಗೆ ಮಿಷನ್ ತುಳಿಯುವ ಅವಳು, ಭಾನುವಾರ ಬಂತೆಂದರೆ ವೃದ್ಧಾಶ್ರಮಕ್ಕೆ ಬಂದು ಹಿರಿಯರೊಂದಿಗೆ ಹಾಡಿ, ಆಡಿ, ನಗಿಸಿ ಹೋಗುತ್ತಿದ್ದಳು. ಅಲ್ಲಿದ್ದ ಮೇಷ್ಟ್ರಿಗೆ ಮರೆವಿನ ಕಾಯಿಲೆ. ಅವಳನ್ನು ತೀರಿಹೋದ ಹೆಂಡತಿಯೆಂದೇ ತಿಳಿದು "ಇವಳೇ..." ಎಂದು ಕರೆಯುತ್ತಿದ್ದರು. ಅವಳು "ಹೂಂ" ಎನ್ನುತ್ತಿದ್ದಳು. ಅಷ್ಟೇ!

ಅದನ್ನು ಕೇಳಿಸಿಕೊಂಡವನು ಮೇಷ್ಟ್ರ ಮೊಮ್ಮಗ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಜ್ಜಿಯ ಕೈತುತ್ತು ತಿಂದು ಬೆಳೆದವನು.

"ಸತ್ತವರ ಜಾಗದಲ್ಲಿ ನಿಂತು ಆಟ ಆಡ್ಬೇಡಿ. ಇನ್ನೊಂದ್ಸಲ 'ಹೂಂ' ಅಂದ್ರೆ ತಾತನ್ನ ಇಲ್ಲಿಂದ ಕರ್ಕೊಂಡು ಹೋಗ್ಬಿಡ್ತೀನಿ!"

ಅಬ್ಬಾ, ಮೂಗಿನ ತುದೀಲೇ ಕೋಪ! ಎಂದುಕೊಂಡು ತಲೆಯೆತ್ತಿದಳು. ಬೈದವನ ಕಣ್ಣಲ್ಲೇ ನೀರು... ಆಗಲಿ ಎಂದು ತಲೆಯಾಡಿಸಿದಳು.

ಅಂದಿನಿಂದ ಪ್ರತಿ ಭಾನುವಾರ ಅವನದು ಕಾವಲು. ಕೂತವನು ಸುಮ್ಮನಿರಬೇಕಲ್ಲ? ಕೆಟ್ಟುಹೋಗಿದ್ದ ಸ್ಪೀಕರ್ ಸರಿಮಾಡಿದ. ಅಜ್ಜಿಯರ ಜೊತೆ ಕೇರಂ ಆಡಿ ಸೋತು ಮುಖ ಊದಿಸಿಕೊಂಡ. ಅವಳು ಹಾಡುವಾಗ ನೆಲ ನೋಡುತ್ತಿದ್ದವನು ಬರಬರುತ್ತ ಅವಳನ್ನೇ ನೋಡತೊಡಗಿದ. ಅವಳಿಗೂ ಅವನು ಬರುವುದು ತಡವಾದರೆ ಹಾಡಿನ ಸಾಲು ತಪ್ಪುತ್ತಿತ್ತು.

ಆದರೆ ಮೇಷ್ಟ್ರು ಕರೆದಾಗ ಮಾತ್ರ ಅವಳ ಬಾಯಿಗೆ ಬೀಗ.

"ಇವಳೇ... ನನ್ನ ಮೇಲೆ ಕೋಪಾನಾ?" ಎಂದರು ಒಂದು ದಿನ.

ಅವಳು ತುಟಿ ಕಚ್ಚಿಕೊಂಡು ಆಚೆ ತಿರುಗಿದಳು.

ಸಂಜೆ ನೋಡಿದರೆ ಮೇಷ್ಟ್ರ ಮಂಚ ಖಾಲಿ! ಗೇಟು ಹಾರುಹೊಡೆದಿತ್ತು.

ಇಬ್ಬರೂ ಬೀದಿಗೆ ಓಡಿದರು. ಮುಖ್ಯರಸ್ತೆಯ ನಡುವಿನ ಕಟ್ಟೆಯ ಮೇಲೆ ಮೇಷ್ಟ್ರು! ಎರಡೂ ಕಡೆ ಬಿರುಸಾಗಿ ಹೋಗುವ ಲಾರಿಗಳು. ಒಂದು ಕಾಲು ಆಗಲೇ ರಸ್ತೆಗಿಳಿದಿತ್ತು.

"ತಾತಾ! ನಿಂತ್ಕೋ!"

ಅವರು ತಿರುಗಲಿಲ್ಲ. "ಇವಳೇ... ಎಲ್ಲಿದೀಯೇ?" ಎನ್ನುತ್ತ ಇನ್ನೊಂದು ಕಾಲನ್ನೂ ಎತ್ತಿದರು.

ಅವನು ಅವಳ ಕೈ ಹಿಡಿದುಕೊಂಡ. "ಅನ್ರೀ... 'ಹೂಂ' ಅನ್ರೀ! ನಿಮ್ಮ ಕಾಲಿಗೆ ಬೀಳ್ತೀನಿ!"

"ಹೂಂ...! ಇಲ್ಲೇ ಇದೀನಿ! ಅಲ್ಲೇ ನಿಲ್ಲಿ, ನಾನೇ ಬರ್ತೀನಿ!"

ಮೇಷ್ಟ್ರು ಗಕ್ಕನೆ ಕಾಲು ಹಿಂದೆಗೆದುಕೊಂಡರು. ಲಾರಿಯೊಂದು ಅವರ ಪಂಚೆಯಂಚನ್ನು ಹಾರಿಸಿಕೊಂಡು ಹೋಯಿತು.

ಓಡಿ ಬಂದ ಮೊಮ್ಮಗ ತಾತನನ್ನು ತಬ್ಬಿಕೊಂಡು ಬಿಕ್ಕಿದ. ಮೇಷ್ಟ್ರು ಹಿಂದೆಯೇ ಬಂದ ಅವಳ ಮುಖವನ್ನು ದಿಟ್ಟಿಸಿದರು. ಕಣ್ಣಲ್ಲಿದ್ದ ಮಂಜು ಸರಿದಂತಿತ್ತು.

"ನೀನು ಅವಳಲ್ಲ ಅಂತ ಒಂದೊಂದ್ಸಲ ಗೊತ್ತಾಗುತ್ತೆ ಮಗಳೇ. ಆದ್ರೂ ಕರೆದಾಗ ಯಾರೂ ಓಗೊಡದಿದ್ರೆ... ಅವಳು ಇನ್ನೊಂದ್ಸಲ ಸತ್ತ ಹಾಗಾಗುತ್ತೆ."

ಇಬ್ಬರೂ ಅವರ ಕೈ ಹಿಡಿದು ಆಶ್ರಮಕ್ಕೆ ಕರೆತಂದರು.

ಮೇಷ್ಟ್ರು ಮಲಗಿದ ಮೇಲೆ ಅವಳು ಚಪ್ಪಲಿ ಮೆಟ್ಟಿಕೊಂಡಳು. ಅವನು ಮೆಟ್ಟಿಲವರೆಗೆ ಬಂದ.

"ಮುಂದಿನ ವಾರ ಬರ್ತೀರಲ್ವಾ?"

"ತಾತನಿಗೋಸ್ಕರ ಬಂದೇ ಬರ್ತೀನಿ."

"ಅವರ ಹೆಸರು ಹೇಳಿದ್ರೆ ನೀವು ಇಲ್ಲ ಅನ್ನಲ್ಲ, ಗೊತ್ತು." ಅವನು ಎಣ್ಣೆಮಸಿ ಹಿಡಿದ ಬೆರಳು ಹಿಸುಕಿಕೊಂಡ. "ಆದ್ರೆ ಕೇಳ್ತಿರೋದು ನನಗೋಸ್ಕರ. ವಾರವೆಲ್ಲ ಭಾನುವಾರಕ್ಕೇ ಕಾಯ್ತಿರ್ತೀನಿ ಕಣ್ರೀ..."

ಮೆಟ್ಟಿಲಿಳಿಯಲು ಹೊರಟವಳು ತಿರುಗಿದಳು.

"ಅಷ್ಟೆಲ್ಲ ಬೈದಿದ್ದು?"

"ನೀವೂ ಬೈದುಬಿಡಿ. ಎಷ್ಟು ಬೇಕೋ ಅಷ್ಟು."

"ಒಂದು ದಿನಕ್ಕೆ ಮುಗಿಯೋದಲ್ಲ ಅದು!"

"ಮುಗೀಲೇಬಾರದು..." ಎಂದು ಅವನು ಅಲ್ಲೇ ಕೂತ.

ಅವಳು ನಕ್ಕಳು. ಚಪ್ಪಲಿ ಬಿಚ್ಚಿ, ಮೆಟ್ಟಿಲ ಮೇಲೆ ಅವನ ಪಕ್ಕದಲ್ಲೇ ಕೂತಳು.